ಬಾಗಿಲು ಒಂದೇ, ಕೋಣೆ ಹಲವು

ಮೈಸೂರಿನ ಆ ಮನೆಯ ಮಗಳು ತನ್ನ ಕಂಪ್ಯೂಟರಿನಲ್ಲೇ ಪುಟ್ಟ ಜಾಲತಾಣ ಕಟ್ಟಿದಳು. ಶಿರಸಿಯ ಅಜ್ಜನಿಗೆ ಅದು ತೆರೆಯಲೇ ಇಲ್ಲ.

ಮನೆಯ ಯಂತ್ರಗಳಿಗೆ ರೂಟರ್ ಕೊಟ್ಟಿದ್ದು 192.168 ಎಂದು ಶುರುವಾಗುವ ಒಳವಿಳಾಸ. ಹೊರಗಿನವರಿಗೆ ಇಡೀ ಮನೆಗೆ ಒಂದೇ ವಿಳಾಸ. ಜಗತ್ತಿಗಿದ್ದ ಸುಮಾರು 430 ಕೋಟಿ ವಿಳಾಸ ಸಾಲದೆಂದು 1994ರಲ್ಲಿ ಪ್ರಕಟವಾದ ಉಪಾಯವಿದು. ಒಳಗಿನಿಂದ ಹೋದ ಕೋರಿಕೆಯನ್ನು ರೂಟರ್ ಗುರುತಿಟ್ಟುಕೊಂಡು ಉತ್ತರವನ್ನು ಸರಿಯಾದ ಯಂತ್ರಕ್ಕೆ ಮುಟ್ಟಿಸುತ್ತದೆ. ತಾನಾಗಿ ಬಂದವರನ್ನು ಯಾವ ಕೋಣೆಗೆ ಕಳಿಸಬೇಕೆಂದು ಅದಕ್ಕೆ ತಿಳಿಯದು.

ಬೇಸತ್ತ ಮಗಳು ಪೋರ್ಟುಗಳನ್ನೆಲ್ಲ ತೆರೆಯಹೊರಟಳು.

“ಅಲ್ವೇ ಪುಟ್ಟೀ, ಬಾಗಿಲೆಲ್ಲ ತೆಗೆದಿಟ್ರೆ ಅಜ್ಜ ಒಬ್ರೇ ಬರ್ತಾರಾ?” ಅಮ್ಮ ಕೇಳಿದರು.

ಮಗಳ ಕೈ ನಿಂತಿತು. 8080ಕ್ಕೆ ಬಂದದ್ದು ತನ್ನ ಯಂತ್ರಕ್ಕೆ ಮಾತ್ರ ಹೋಗುವಂತೆ ಒಂದೇ ನಿಯಮ ಬರೆದಳು. ರೂಟರಿನ ಪಾಸ್‌ವರ್ಡನ್ನೂ ಬದಲಿಸಿದಳು. ಸಂಜೆ ಅಜ್ಜ ಫೋನು ಮಾಡಿ ಹಿಗ್ಗಿದರು.

ಅಮ್ಮ ಬೀದಿಬಾಗಿಲ ಅಗುಳಿ ಹಾಕುವ ಹೊತ್ತಿಗೆ ಮಗಳು ಆ ನಿಯಮವನ್ನು ಅಳಿಸಿದ್ದಳು.