ಎಂಟು ಜಿಬಿಯ ಲೆಕ್ಕ

ವಿಮರ್ಶಾ ಪಾಠದ ದಿನ ನನ್ನ ಲ್ಯಾಪ್‌ಟಾಪ್ ಒಂಬತ್ತು ನಿಮಿಷ ಮಿಸುಕಲಿಲ್ಲ. ಎಂಟನೇ ತರಗತಿ, ಘಾತಾಂಕಗಳ ಘಟಕ. ಜಿಯೋಜೀಬ್ರಾ, ಸ್ಲೈಡುಗಳು, ಒಂದು ವಿಡಿಯೊ ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟಿದ್ದೆ. ಪರದೆಯ ಮೇಲೆ ನೀಲಿ ಉಂಗುರ ಸುತ್ತುತ್ತಲೇ ಇತ್ತು. ಮಕ್ಕಳು ಮೊದಲು ನಕ್ಕರು, ಆಮೇಲೆ ಪಾಪ ಅನ್ನಿಸಿತೋ ಏನೋ, ಸುಮ್ಮನಾದರು. ನಗುತ್ತಿದ್ದರೇ ವಾಸಿಯಿತ್ತು. ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಯಂತ್ರ ನಿಂತಾಗ ಪಾಠವೂ ನಿಂತಿತು.”

ಅದು ಅಣ್ಣ ಡಿಪ್ಲೊಮಾ ಓದುವಾಗ ಕೊಂಡ ಲ್ಯಾಪ್‌ಟಾಪ್. ಹೊಸದರ ಮಾತು ಎತ್ತುವಂತಿರಲಿಲ್ಲ. ನನ್ನ ಬಿಎಡ್ ಶುಲ್ಕಕ್ಕೇ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದಾಳೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ ಶೇ. 96 ತುಂಬಿತ್ತು. ಅದರ ಕೆಳಗೇ, ಎರಡು ಸ್ಲಾಟ್‌ಗಳಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಎಂದೂ ಇತ್ತು. ಒಂದು ಖಾಲಿ ಇದೆಯೆಂದಾಯಿತು. ಅಮ್ಮನಿಗೆ ವಿವರಿಸಿದೆ: “ಹಾರ್ಡ್ ಡಿಸ್ಕ್ ಅಂದ್ರೆ ಉಗ್ರಾಣ, ರ‍್ಯಾಮ್ ಅಂದ್ರೆ ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಾದ್ರೆ ಪ್ರತಿ ಸಲ ಒಂದು ಪಾತ್ರೆ ಒಳಗಿಟ್ಟು ಇನ್ನೊಂದು ತರಬೇಕು.” ಅಮ್ಮ, “ಹಂಗಾದ್ರೆ ಪಾತ್ರೆ ಕಮ್ಮಿ ಇಟ್ಕೊ” ಅಂದಳು. ಅದು ಸರಿಯಾದ ಉತ್ತರವೇ. ಆದರೆ ಅಷ್ಟರಲ್ಲಿ ನಾನು ಸ್ಕ್ರೂಡ್ರೈವರ್ ಹುಡುಕಲು ಎದ್ದಾಗಿತ್ತು.

ಹಿಂಬದಿಯ ಮುಚ್ಚಳ ತೆಗೆದು ಹಳೆಯ ರ‍್ಯಾಮಿನ ಚೀಟಿ ಓದಿಕೊಂಡೆ: 4 ಜಿಬಿ, ಪಿಸಿ3ಎಲ್-12800ಎಸ್. ಮೊದಲಿಗೆ ಮಂತ್ರದಂತೆ ಕಂಡಿತು, ಬಿಡಿಸಿದರೆ ಗುಣಾಕಾರ. ಸೆಕೆಂಡಿಗೆ 1600 ಮಿಲಿಯನ್ ಸಲ, ಸಲಕ್ಕೆ 8 ಬೈಟ್; 1600 × 8 = 12800 ಎಂಬಿ. ಚೀಟಿಯ ಫೋಟೊ ಹಿಡಿದು ದಾವಣಗೆರೆಗೆ ಹೋದೆ. ಅಂಗಡಿಯಲ್ಲಿ ಮೊದಲು ಕೈಗೆ ಕೊಟ್ಟದ್ದು ಡಿಡಿಆರ್4. ಅದರ ಅಂಚಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಡಿಡಿಆರ್3 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಫೋಟೊ ತೋರಿಸಿ ಸರಿಯಾದದ್ದನ್ನು ತೆಗೆಸಿಕೊಂಡೆ. 1,300 ರೂಪಾಯಿ, ಟ್ಯೂಷನ್ ದುಡ್ಡು.

ಭಾನುವಾರ ಚಾಪೆ ಹಾಸಿ ಕುಳಿತೆ. ಚಾರ್ಜರ್ ಕಿತ್ತು, ಬ್ಯಾಟರಿ ಕಳಚಿ, ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಮೈಮೇಲಿನ ಸ್ಥಿರವಿದ್ಯುತ್ತು ಚಿಪ್‌ಗಳನ್ನು ಕೆಡಿಸಬಹುದೆಂದು ನೈಲಾನ್ ದುಪಟ್ಟಾ ತೆಗೆದಿಟ್ಟು ಕಿಟಕಿಯ ಕಬ್ಬಿಣದ ಸರಳು ಮುಟ್ಟಿದೆ. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗವನ್ನು ಟ್ಯೂಷನ್ ಮಕ್ಕಳಿಗೆ ಎಷ್ಟೋ ಸಲ ಮಾಡಿಸಿದ್ದೇನೆ. ಅದಕ್ಕೆ ಹೆದರಿದ್ದು ಇದೇ ಮೊದಲು. ರ‍್ಯಾಮ್ ಇಟ್ಟು, ಒತ್ತಿ, ಮುಚ್ಚಳ ಹಾಕಿ ಆನ್ ಮಾಡಿದೆ. ಕಪ್ಪು ಪರದೆ. ಫ್ಯಾನ್ ಸದ್ದು ಮಾತ್ರ. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಪಾಠವಲ್ಲ, ಸಂಘದ ಕಂತು. ಮತ್ತೆ ಬಿಚ್ಚಿದೆ. ಒಂದು ಬದಿಯ ಚಿನ್ನದ ಬಣ್ಣದ ಅಂಚು ಇನ್ನೂ ಹೊರಗೆ ಕಾಣುತ್ತಿತ್ತು. ಓರೆಯಾಗಿ ಹಿಡಿದು ಪೂರ್ತಿ ಒಳಗೆ ತಳ್ಳಿ, ನಂತರ ಕೆಳಕ್ಕೆ ಒತ್ತಬೇಕು. ಎರಡೂ ಪಕ್ಕದ ಕೊಂಡಿಗಳು ಟಕ್ ಎನ್ನಬೇಕು. ನನಗೆ ಮೊದಲ ಸಲ ಒಂದೇ ಟಕ್ ಕೇಳಿಸಿತ್ತು, ಸಾಕು ಅಂದುಕೊಂಡಿದ್ದೆ.

ಈ ಸಲ ಆನ್ ಆಯಿತು. ಸಿಸ್ಟಮ್ ಪುಟದಲ್ಲಿ ಹೀಗಿತ್ತು: ಅಳವಡಿಸಿದ ಮೆಮೊರಿ 8 ಜಿಬಿ, ಬಳಸಬಹುದಾದದ್ದು 2.9 ಜಿಬಿ. ಅಣ್ಣನಿಗೆ ಫೋನ್ ಮಾಡಿದೆ. “ಅದ್ರಲ್ಲಿರೋದು 32-ಬಿಟ್ ವಿಂಡೋಸ್ ಕಣೇ. ನೀನು ಎಷ್ಟು ಹಾಕಿದ್ರೂ ಅಷ್ಟೇ” ಎಂದು ನಕ್ಕ.

ಫೋನ್ ಇಟ್ಟ ಮೇಲೆ ನೋಟ್‌ಬುಕ್ ತೆಗೆದೆ. ಮೆಮೊರಿಯ ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. ವಿಳಾಸಕ್ಕೆ 32 ಸ್ಥಾನ, ಪ್ರತಿ ಸ್ಥಾನದಲ್ಲಿ 0 ಅಥವಾ 1. ಅಂದರೆ 2³² ವಿಳಾಸಗಳು, 4,29,49,67,296. ಒಂದು ಜಿಬಿ ಎಂದರೆ 2³⁰ ಬೈಟ್. 2³² ÷ 2³⁰ = 2². ನಾಲ್ಕೇ ನಾಲ್ಕು ಜಿಬಿ. ಅದರಲ್ಲೂ ಒಂದಷ್ಟು ವಿಳಾಸಗಳನ್ನು ಗ್ರಾಫಿಕ್ಸ್ ಮುಂತಾದವು ಮೊದಲೇ ಹಿಡಿದಿಟ್ಟಿರುತ್ತವೆ. ಒಂಬತ್ತು ನಿಮಿಷ ಲ್ಯಾಪ್‌ಟಾಪ್ ನಿಂತದ್ದು ಯಾವ ಪಾಠದ ನಡುವೆಯೋ, ಆ ಪಾಠವೇ ಅದರೊಳಗೆ ಕುಳಿತಿತ್ತು!

ಪ್ರೊಸೆಸರ್ 64-ಬಿಟ್ ಆಗಿದ್ದರಿಂದ ದಾರಿ ಇತ್ತು. ಪಾಠಯೋಜನೆ, ಫೋಟೊ ಎಲ್ಲವನ್ನೂ ಪೆನ್‌ಡ್ರೈವಿಗೆ ತೆಗೆದಿಟ್ಟು 64-ಬಿಟ್ ವಿಂಡೋಸನ್ನು ಹೊಸದಾಗಿ ಹಾಕುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು.

ಮರುಪಾಠಕ್ಕೆ ಲ್ಯಾಪ್‌ಟಾಪ್ ಒಯ್ದೆ, ತೋರಿಸಿದ್ದು ಮಾತ್ರ ಒಂದೇ ಚಿತ್ರ: 8 ಜಿಬಿ, ಬಳಸಬಹುದಾದದ್ದು 2.9. ಉಳಿದದ್ದೆಲ್ಲ ಕಪ್ಪುಹಲಗೆಯ ಮೇಲೆ. ಅಂಚೆಯಣ್ಣನ ಪುಸ್ತಕದಲ್ಲಿ ಮನೆ ನಂಬರಿಗೆ ಎರಡೇ ಅಂಕಿಯ ಜಾಗವಿದ್ದರೆ 00ಯಿಂದ 99ರವರೆಗೆ ನೂರು ಮನೆ. ನೂರೊಂದನೇ ಮನೆ ಇದ್ದರೂ ಕಾಗದ ತಲುಪದು ಎಂದೆ. ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದ. “ಮಿಸ್, ನಮ್ಮನೆಗೂ ನಂಬರ್ ಇಲ್ಲ. ನಮ್ ಕಾಲೋನಿಯಲ್ಲಿ ಯಾರಿಗೂ ಇಲ್ಲ. ಕಾಗದ ಬಂದ್ರೆ ಅಂಗಡೀಲಿ ಕೊಟ್ಟು ಹೋಗ್ತಾರೆ.”

ಪಾಠಯೋಜನೆಯ ಯಾವ ಕಾಲಮ್ಮಿನಲ್ಲೂ ಇದಕ್ಕೆ ಉತ್ತರವಿರಲಿಲ್ಲ. ನಾನು ತಡವರಿಸುತ್ತಿದ್ದಾಗ ಅವನೇ ಮುಂದುವರಿಸಿದ: “ಇನ್ನೊಂದು ಅಂಕಿ ಸೇರಿಸಿದ್ರೆ ಆಗಲ್ವಾ ಮಿಸ್?” ಸೇರಿಸಿದೆವು. ಸಾವಿರ ಮನೆ. ಹಾಗಾದರೆ 32ಕ್ಕೆ ಒಂದು ಸ್ಥಾನ ಸೇರಿಸಿದರೆ ಎಂದು ಕೇಳಿದೆ. ಮುಂದಿನ ಬೆಂಚಿನವರು ಹತ್ತು ಪಟ್ಟು ಎಂದರು. ಅವನು ಬೆರಳು ಮಡಚಿ, “ಇದ್ರಲ್ಲಿ ಸೊನ್ನೆ, ಒಂದು ಎರಡೇ ಅಲ್ವಾ ಮಿಸ್? ಎರಡು ಪಟ್ಟು. 33 ಇದ್ರೆ ಎಂಟು ಜಿಬಿ” ಎಂದ. ಗಂಟೆ ಹೊಡೆಯಿತು. ಮೇಡಂ ಬರೆದರು: “ಉದಾಹರಣೆ ಚೆನ್ನಾಗಿದೆ. ಸಮಯ ಮೀರಿದೆ. ಮೌಲ್ಯಮಾಪನ ಹಂತ ಬಿಟ್ಟುಹೋಗಿದೆ.”

ಬಿ ವಿಭಾಗದಲ್ಲೂ ಆ ಕಾಲೋನಿಯ ಮಕ್ಕಳಿದ್ದಾರೆ. ಅಲ್ಲಿ ಈ ಉದಾಹರಣೆ ಕೊಡಬಹುದೇ, ಅವರ ಮನೆಯ ಕೊರತೆಯನ್ನು ನಾನು ಕಪ್ಪುಹಲಗೆಗೆ ತಂದಂತಾಗುವುದಿಲ್ಲವೇ ಎಂದು ಮೇಡಂ ಅವರನ್ನು ಕೇಳಿದೆ. “ಆ ಹುಡುಗನ್ನೇ ಕೇಳಮ್ಮ” ಎಂದರು. ಮಧ್ಯಾಹ್ನ ಊಟದ ಸಾಲಿನಲ್ಲಿ ಕೇಳಿದೆ. ತಟ್ಟೆ ಹಿಡಿದು ಸ್ವಲ್ಪ ಯೋಚಿಸಿದ.

“ಹೇಳಿ ಮಿಸ್. ಆದ್ರೆ 33 ಅಂದಿದ್ದು ನಾನು ಅಂತಾನೂ ಹೇಳಿ.”