ಅವ್ವನ ಹೆಸರಿನ ರೊಕ್ಕ

ಅವ್ವ ತೀರಿಕೊಂಡ ಮೇಲೆ ಅವಳ ಖಾತೆಯಲ್ಲಿ ಎರಡು ಲಕ್ಷ ರೂಪಾಯಿ ಉಳಿದಿತ್ತು. ಗುಡಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸೋಣ ಎಂದು ಅಣ್ಣ. ನರ್ಸಿಂಗ್ ಓದುವ ಹುಡುಗಿಯರಿಗೆ ದತ್ತಿ ಇಡೋಣ ಎಂದು ನಾನು. ಎರಡು ತಿಂಗಳು ವಾದ ನಡೆದು ಕೊನೆಗೆ ಅಣ್ಣ ಸೋತ.

ಅವ್ವ ನರಗುಂದ, ರೋಣದ ಹಳ್ಳಿಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದಳು. ಆ ಉದ್ದನೆಯ ಹೆಸರನ್ನು ಯಾರೂ ಕರೆಯಲಿಲ್ಲ; ಊರಿಗೆಲ್ಲ ಅವಳು ನರ್ಸಬಾಯಿ. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಆ ಐದು ಸಾವಿರ ಜನ ಒಂದೇ ಊರಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಚಪ್ಪಲಿ ಕೈಯಲ್ಲಿ, ಲಸಿಕೆ ಡಬ್ಬಿ ಹೆಗಲಿಗೆ. ಬೆಣ್ಣಿಹಳ್ಳ ತುಂಬಿದರೆ ಅವ್ವ ಆಚೆ ದಡದಲ್ಲೇ ಉಳಿಯುತ್ತಿದ್ದಳು, ನಾನು ಪಕ್ಕದ ಮನೆಯಲ್ಲಿ ಮಲಗುತ್ತಿದ್ದೆ. ಯಾರದೋ ಬಾಣಂತನ ಮುಗಿಸಿ ಬಂದವಳ ಜೊತೆ ದಿನಗಟ್ಟಲೆ ಮಾತು ಬಿಟ್ಟದ್ದೂ ಉಂಟು.

ದತ್ತಿಗೆ ಷರತ್ತು ಬರೆದವಳು ನಾನೇ: ಓದು ಮುಗಿದ ಮೇಲೆ ಐದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕು. ಮೊದಲ ವರ್ಷ ಗಜೇಂದ್ರಗಡದಿಂದ ಒಬ್ಬ ನೇಕಾರರ ಮಗಳು ಬಂದಳು. ಜಿಎನ್‌ಎಂ ಓದುತ್ತಿದ್ದಳು. ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು.

"ಅಕ್ಕಾರ, ಸುಳ್ಳು ಹೇಳಿ ರೊಕ್ಕ ತಗೊಳ್ಳಾಕ ಮನಸಿಲ್ರಿ. ಮಗ್ಗದ ಮುಂದ ಕುಂತು ಅಪ್ಪನ ಕಣ್ಣು ಮಂಜಾಗ್ಯಾವ. ತಮ್ಮ ಇನ್ನೂ ಸಣ್ಣಾವ. ಬೆಂಗಳೂರಾಗ ಹೆಚ್ಚಿನ ಪಗಾರ ಸಿಕ್ರ ನಾ ಹೋಗಬೇಕಾಗ್ತದ."

ಸಹಿ ಹಾಕದೆ ಹೋದಳು. ನನಗೆ ಸಿಟ್ಟು ಬಂತು. ಅವ್ವನಂಥವರು ಈಗ ಎಲ್ಲಿ ಹುಟ್ಟುತ್ತಾರೆ ಎಂದು ಅಣ್ಣನ ಮುಂದೆ ಹೇಳಿಕೊಂಡೆ.

ಅದೇ ವಾರ ಸಮುದಾಯ ಶುಶ್ರೂಷೆಯ ಚರಿತ್ರೆ ಓದುತ್ತಿದ್ದೆ. 1859ರಲ್ಲಿ ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ಹೆಂಡತಿಯನ್ನು ಕಳೆದುಕೊಂಡ. ಅವಳ ಕೊನೆಯ ದಿನಗಳಲ್ಲಿ ಆರೈಕೆ ಮಾಡಿದ್ದ ನರ್ಸ್ ಮೇರಿ ರಾಬಿನ್ಸನ್‌ಗೆ ಮೂರು ತಿಂಗಳ ಸಂಬಳ ಕೊಟ್ಟು, ಬಡವರ ಮನೆಗಳಿಗೆ ಹೋಗಿ ಆರೈಕೆ ಮಾಡಲು ಹೇಳಿದ. ತಿಂಗಳಿಗೇ ಅವಳು ಅಳುತ್ತ ಬಂದಳು. ಆ ದುಃಖ ನೋಡಲಾಗದು, ಬಿಟ್ಟುಬಿಡಿ ಎಂದಳು. ಒಪ್ಪಿದ ಮೂರು ತಿಂಗಳನ್ನಾದರೂ ಮುಗಿಸು ಎಂದ ಅವನು. ಮುಗಿದಾಗ ಅವಳೇ ಈ ಕೆಲಸ ಬಿಡಲೊಲ್ಲೆ ಎಂದಳು. 1862ರಲ್ಲಿ ಅಲ್ಲಿ ನರ್ಸಿಂಗ್ ತರಬೇತಿ ಶಾಲೆಯೇ ತೆರೆಯಿತು. ಹೆಂಡತಿಯ ನೆನಪಿಗೆ ಅವನು ಕೇಳಿದ್ದು ಮೂರು ತಿಂಗಳು. ನಾನು ಅವ್ವನ ನೆನಪಿಗೆ ಐದು ವರ್ಷ ಕೇಳಿದ್ದೆ.

ಆಮೇಲೆ ಅವ್ವನ ಟ್ರಂಕು ತೆಗೆದಾಗ ಹಳೆಯ ತಾಯಿ ಕಾರ್ಡುಗಳ ಅಡಿಯಲ್ಲಿ ನಾಲ್ಕು ಅರ್ಜಿಗಳ ಪ್ರತಿ ಸಿಕ್ಕವು. ನಾಲ್ಕೂ ವರ್ಗಾವಣೆ ಕೇಳಿ ಬರೆದವು. ಒಂದರಲ್ಲಿ ವಸತಿಗೃಹದ ಮಾಳಿಗೆ ಸೋರುತ್ತದೆ ಎಂದಿತ್ತು. ಇನ್ನೊಂದರಲ್ಲಿ, "ಮಗಳು ಚಿಕ್ಕವಳಿದ್ದು ರಾತ್ರಿ ಒಬ್ಬಳೇ ಇರಬೇಕಾಗುತ್ತದೆ." ಯಾವುದಕ್ಕೂ ಉತ್ತರ ಬಂದಂತಿರಲಿಲ್ಲ.

ಅವ್ವನ ಸೇವೆ ಎಂದು ನಾನು ಹೆಮ್ಮೆಪಟ್ಟದ್ದರಲ್ಲಿ ಎಷ್ಟು ಪ್ರೀತಿ, ಎಷ್ಟು ಬಿಡಿಸಿಕೊಳ್ಳಲಾಗದ ಕಟ್ಟು? ಹೇಳಲು ಅವಳಿಲ್ಲ. ಆದರೆ ಅದೇ ಕಟ್ಟನ್ನು ಅವಳ ಹೆಸರಿನಲ್ಲೇ ಇನ್ನೊಬ್ಬ ಹುಡುಗಿಯ ಕಾಲಿಗೆ ಬಿಗಿಯಲು ಹೊರಟಿದ್ದೆ.

ಷರತ್ತು ಹೊಡೆದು ಹಾಕಿದೆ. ಈಗ ವರ್ಷದ ಬಡ್ಡಿ ಒಬ್ಬಳ ಹಳ್ಳಿ ತರಬೇತಿಗೆ ಹೋಗುತ್ತದೆ: ಬಸ್ಸಿನ ಖರ್ಚು, ಛತ್ರಿ, ಊಟ, ಗಟ್ಟಿ ಚಪ್ಪಲಿ. ಊರಲ್ಲಿ ಉಳಿಯುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು. ಗಜೇಂದ್ರಗಡದ ಹುಡುಗಿಗೆ ನಾನೇ ಫೋನ್ ಮಾಡಿ ಕರೆದೆ.

ಮೊನ್ನೆ ಮಳೆಯಲ್ಲಿ ಅವಳ ಫೋನ್ ಬಂತು. "ಅಕ್ಕಾರ, ಇಲ್ಲಿ ಒಬ್ಬಾಕಿ ಬಾಣಂತಿಗೆ ಜ್ವರ ಬಂದಿತ್ತು, ದವಾಖಾನಿಗೆ ಕಳಿಸಿದ್ವಿ. ಚಪ್ಪಲ್ ಮಾತ್ರ ಎರಿಯೊಳಗ ಹೂತು ಹರದ್ವು ನೋಡ್ರಿ."

ಹೊಸ ಚಪ್ಪಲಿಗೆ ರೊಕ್ಕ ಕಳಿಸಿದೆ. ಮುಂದೇನು ಮಾಡುತ್ತೀ ಎಂದು ಕೇಳಲಿಲ್ಲ.