ಕಾವು ಸಾಲದ ಯಂತ್ರ

ಫೋರ್ಟಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಕಾರ್ಬನ್ ಕಾಗದದಿಂದ ಹಿಡಿದು ಸ್ಟೆನ್ಸಿಲ್ ಕೊಯ್ದು ಸೈಕ್ಲೋಸ್ಟೈಲ್ ತಿರುಗಿಸುವವರೆಗೆ ಎಲ್ಲ ಕಾಲದ ಮಸಿಯೂ ಈ ಬೆರಳುಗಳಿಗೆ ಹತ್ತಿದೆ. ಆದರೆ ಆ ಮಸಿ ಯಾವುದೂ ಮನಸ್ಸಿಗೆ ಹತ್ತಿರಲಿಲ್ಲ. 2014ರ ಜುಲೈ ತಿಂಗಳಲ್ಲಿ ಒಂದು ಲೇಸರ್ ಪ್ರಿಂಟರು ಆ ಕೆಲಸವನ್ನೂ ಮಾಡಿತು.

ಜುಲೈ ಎಂದರೆ ನಮ್ಮ ಕಚೇರಿಗೆ ಜಾತ್ರೆಯ ತಿಂಗಳು. ಆದಾಯ ತೆರಿಗೆಯ ವಿವರ ಸಲ್ಲಿಸಲು 31 ಕೊನೆಯ ದಿನ. ಆಗಲೇ ಎಲ್ಲವೂ ಕಂಪ್ಯೂಟರಿನ ಮೂಲಕ ಹೋಗುತ್ತಿತ್ತಾದರೂ ಡಿಜಿಟಲ್ ಸಹಿ ಇಲ್ಲದವರು ಐ.ಟಿ.ಆರ್.-ವಿ ಎಂಬ ಒಂದು ಹಾಳೆಯನ್ನು ಮುದ್ರಿಸಿ, ಕೈಯಾರೆ ಸಹಿ ಮಾಡಿ, 120 ದಿನಗಳೊಳಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಚೀಲಕ್ಕೆ ಕಳಿಸಬೇಕಿತ್ತು. (ಮುಂಬಯಿಯ ಗುಜರಾತಿ ವ್ಯಾಪಾರಿಗಳ ಕಾಗದಗಳೆಲ್ಲ ನಮ್ಮ ಬೆಂಗಳೂರಿಗೆ ಹೋಗುತ್ತವಲ್ಲ ಎಂದು ನನಗೊಂದು ಒಳಗೊಳಗಿನ ಹೆಮ್ಮೆ!) ಆ ಹಾಳೆಯ ಕೆಳಗಿದ್ದ ಗೆರೆಗೆರೆಯ ಬಾರ್‌ಕೋಡ್ ಅಳಿಸಿದರೆ, ಮಸುಕಾದರೆ, ಕಾಗದ ತಿರಸ್ಕೃತವಾಗುವ ಭಯವಿತ್ತು.

ಅಂಥ ಹೊತ್ತಿನಲ್ಲಿ ಪ್ರಿಂಟರು ಮುಷ್ಕರ ಹೂಡಿತು. ನಾಲ್ಕು ಹಾಳೆ ಬರುವುದು, ಅದರ ಮೇಲೆ ಬೆರಳಾಡಿಸಿದರೆ ಅಕ್ಷರವೇ ಎದ್ದು ಬರುವುದು. ಐದನೆಯದಕ್ಕೆ ಯಂತ್ರ ನಿಂತು ‘ಫ್ಯೂಸರ್ ಎರರ್’ ಎಂದು ಬರೆದು ತೋರಿಸುವುದು. ಆರಿಸಿ ಹಾಕಿದರೆ ಸ್ವಲ್ಪ ಹೊತ್ತು ಸರಿ. ಮತ್ತೆ ಅದೇ ಹಾಡು.

ನಮ್ಮಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ಪ್ಯೂನ್ ಆಗಿದ್ದ. ಕಾಗದ ತುಂಬುವುದು, ಚಹಾ ತರುವುದು, ಬೆಳಿಗ್ಗೆ ಎಂಟಕ್ಕೆ ಬಂದು ಬಾಗಿಲು ತೆಗೆಯುವುದು ಅವನ ಕೆಲಸ. ಮಳೆಗಾಲದ ತೇವ ಹೀರಿದ ಕಾಗದ ಈ ಯಂತ್ರಗಳಿಗೆ ಒಗ್ಗುವುದಿಲ್ಲವೆಂದು ನಾನೆಲ್ಲೋ ಓದಿದ್ದೆ. ಅವನು ಕಟ್ಟು ಒಡೆದ ಕಾಗದವನ್ನು ಕಿಟಕಿಯ ಬಳಿ ಇಟ್ಟಿದ್ದನ್ನು ಕಂಡದ್ದೇ ತಡ, ಅಪರಾಧಿ ಸಿಕ್ಕಿದನೆಂದುಕೊಂಡೆ. ಹೊಸ ಕಟ್ಟು ಒಡೆದೆವು. ದೋಷ ಹೋಗಲಿಲ್ಲ. ನನ್ನ ತೀರ್ಮಾನ ಮಾತ್ರ ಬದಲಾಗಲಿಲ್ಲ. “ಒದ್ದೆ ಕಾಗದ ತುರುಕಿ ಒಳಗಿನ ಸಾಮಾನನ್ನೇ ಕೆಡಿಸಿದ್ದಾನೆ” ಎಂದು ಯಜಮಾನರಿಗೆ ವರದಿ ಒಪ್ಪಿಸಿದೆ.

“ಸಾರ್, ಬೆಳಿಗ್ಗೆ ನಾನೊಬ್ಬನೇ ಇದ್ದಾಗ ಅದು ಸಮ ಉಂಟು” ಎಂದು ಹುಡುಗ ಎರಡು ಸಲ ಹೇಳಿದ. ನೆಪ ಎಂದುಕೊಂಡೆ.

ಒಬ್ಬ ರಿಪೇರಿಯವನು ಯಂತ್ರವನ್ನು ಒಯ್ದು, ಫ್ಯೂಸರನ್ನೇ ಬದಲಾಯಿಸಿ, ಶನಿವಾರ ಸಂಜೆ ಏಳಕ್ಕೆ ತಂದು ಜೋಡಿಸಿದ. ಐವತ್ತು ಹಾಳೆ ಸರಾಗವಾಗಿ ಬಂದವು. ಖರ್ಚು ನಾಲ್ಕು ಸಾವಿರ. ಅದನ್ನು ಹುಡುಗನ ಸಂಬಳದಲ್ಲಿ ತಿಂಗಳಿಗೆ ಸಾವಿರದಂತೆ ಮುರಿಯುವುದೆಂದು ಯಜಮಾನರು ಹೇಳಿದರು. ನಾನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಸೋಮವಾರ ಹನ್ನೊಂದೂವರೆಗೆ ಮತ್ತೆ ‘ಫ್ಯೂಸರ್ ಎರರ್’!

ಎರಡನೆಯ ಬಾರಿ ಬಂದವರು ಲ್ಯಾಮಿಂಗ್ಟನ್ ರೋಡಿನ ಒಬ್ಬ ಮುದಿ ಮಿಸ್ತ್ರಿ. ಬಂದವರು ಯಂತ್ರವನ್ನು ಮುಟ್ಟಲೇ ಇಲ್ಲ. “ಸಾಹೇಬ್, ಪ್ಲಗ್ ಕುಠೆ ಆಹೆ?” ಎಂದರು. ಮೇಜಿನಡಿ ಬಗ್ಗಿ ತೋರಿಸಿದೆ. ಹಳೆಯ ಯು.ಪಿ.ಎಸ್.ನಿಂದ ಹೊರಟ ಒಂದು ಸಪೂರ ತಂತಿಯ ಎಕ್ಸ್‌ಟೆನ್ಶನ್ ಬೋರ್ಡು. ಅದರಲ್ಲಿ ನಾಲ್ಕು ಕಂಪ್ಯೂಟರುಗಳ ಜತೆ ಪ್ರಿಂಟರೂ ನೇತಾಡುತ್ತಿತ್ತು. ಮಿಸ್ತ್ರಿ ಪ್ಲಗ್ ಕಿತ್ತು ನನ್ನ ಕೈಗಿತ್ತರು. ಬಿಸಿಯಾಗಿತ್ತು; ಒಂದು ಪಿನ್ನಿನ ಸುತ್ತ ಕಂದು ಬಣ್ಣ.

ಅವರು ಹಿಂದಿ-ಮರಾಠಿ ಬೆರೆಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಪ್ರಿಂಟರಿನಲ್ಲಿರುವುದು ಮಸಿಯಲ್ಲ, ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಲೇಸರ್ ಕಿರಣ ಉರುಳೆಯ ಮೇಲೆ ವಿದ್ಯುತ್ತಿನ ಚಿತ್ರ ಬರೆಯುತ್ತದೆ, ಪುಡಿ ಅದಕ್ಕೆ ಅಂಟಿ ಕಾಗದಕ್ಕಿಳಿಯುತ್ತದೆ. ಅಲ್ಲಿಯವರೆಗೆ ಅದು ಊದಿದರೆ ಹಾರುವ ಅಕ್ಷರ. ಫ್ಯೂಸರ್ ಎಂಬ ಬಿಸಿ ಉರುಳೆ ಅದನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿಸಿ ಒತ್ತಿದ ಮೇಲೆಯೇ ಅಕ್ಷರ ನಿಲ್ಲುವುದು. ಉರುಳೆ ಎಷ್ಟು ಕಾದಿದೆಯೆಂದು ನೋಡಲು ಥರ್ಮಿಸ್ಟರ್ ಎಂಬ ಕಾವಲುಗಾರ. ಗೊತ್ತಾದ ಸಮಯದೊಳಗೆ ಗೊತ್ತಾದ ಕಾವು ಬರದಿದ್ದರೂ ದೂರು, ಮಿತಿಮೀರಿ ಕಾದರೂ ದೂರು. ಉಡುಪಿ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವಲಿ ಕಾಯದಿದ್ದರೆ ಕಾವಲಿಯನ್ನೇ ಬದಲಿಸಿ ಏನು ಫಲ? ಒಲೆಯಲ್ಲಿ ಉರಿ ಇದೆಯೇ ನೋಡಬೇಕು.

ಆ ಉರಿಯೇ ನಮ್ಮಲ್ಲಿ ಸಾಲುತ್ತಿರಲಿಲ್ಲ. ಫ್ಯೂಸರ್ ಕಾಯುವಾಗ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಎಲ್ಲರೂ ಕೆಲಸದಲ್ಲಿದ್ದಾಗ ಮಿಸ್ತ್ರಿ ಮೀಟರ್ ಹಿಡಿದರೆ 230 ಇರಬೇಕಾದ ವೋಲ್ಟು ಆ ಬೋರ್ಡಿನಲ್ಲಿ 200ಕ್ಕಿಂತ ಕೆಳಗಿಳಿಯಿತು. ವೋಲ್ಟು ಎಂಟನೆಯ ಒಂದು ಪಾಲು ಇಳಿದರೆ ಕಾವು ಕಾಲು ಪಾಲೇ ಇಳಿಯುತ್ತದಂತೆ. ಬೆಳಿಗ್ಗೆ ಎಂಟಕ್ಕೂ ಶನಿವಾರ ಸಂಜೆ ಏಳಕ್ಕೂ ಯಂತ್ರ ಏಕೆ ಸರಿಯಿತ್ತು ಎಂಬುದು ಆಗ ಹೊಳೆಯಿತು. ಹುಡುಗ ನೆಪ ಹೇಳಿರಲಿಲ್ಲ. ರೋಗದ ಲಕ್ಷಣ ಹೇಳಿದ್ದ. ಮಿಸ್ತ್ರಿ ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದರು. ಇನ್ನೂರು ಹಾಳೆ ಎಡೆಬಿಡದೆ ಬಂದವು.

ಆ ಬೋರ್ಡನ್ನು ತಂದವನು ಯಾರೆಂದು ಓದುಗರು ಊಹಿಸಿರಬಹುದು. ಮೇ ತಿಂಗಳಲ್ಲಿ ಒಮ್ಮೆ ಕರೆಂಟು ಹೋಗಿ ಮುದ್ರಣ ಅರ್ಧಕ್ಕೆ ನಿಂತಾಗ, ಜಾಣತನ ಮಾಡುತ್ತೇನೆಂದು ಪ್ರಿಂಟರನ್ನೂ ಯು.ಪಿ.ಎಸ್.ಗೆ ಸಿಕ್ಕಿಸಿದವನು ನಾನೇ. ಲೇಸರ್ ಪ್ರಿಂಟರನ್ನು ಹಾಗೆ ಮಾಡಬಾರದೆಂದು ಅದರ ಜತೆ ಬಂದ ಪುಸ್ತಕದಲ್ಲೇ ಅಚ್ಚಾಗಿತ್ತು. ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು!

ಆ ಸಂಜೆ ಡೊಂಬಿವಲಿ ಲೋಕಲಿನಲ್ಲಿ ನಿಂತು ಬರುವಾಗ ಲೆಕ್ಕ ಹಾಕಿದೆ. ವಿಷಯ ಗೊತ್ತಿರುವುದು ನನಗೆ ಮತ್ತು ಮಿಸ್ತ್ರಿಗೆ. ಯಜಮಾನರು ಕೇಳುವವರಲ್ಲ. ಹುಡುಗ ಹೇಳುವವನಲ್ಲ. ಅವನು ಊರಿಗೆ ತಾಯಿಗೆ ಹಣ ಕಳಿಸುವ ಫಾರಂ ತುಂಬಿಸಿಕೊಳ್ಳಲು ಒಮ್ಮೆ ನನ್ನ ಬಳಿ ಬಂದಿದ್ದ. ಮುಂದಿನ ತಿಂಗಳು ಆ ಮೊತ್ತದಲ್ಲಿ ಸಾವಿರ ಕಡಿಮೆಯಾಗುತ್ತದೆ. ಠಾಣೆ ಬಂತು, ದಿವಾ ಬಂತು, ಊಟ ಸೇರುವ ಲಕ್ಷಣ ಕಾಣಲಿಲ್ಲ. ಮನೆಯವಳಿಗೆ ಹೇಳಿದೆ. “ನಾಳೆ ಹೋಗಿ ಹೇಳಿ ಬನ್ನಿ, ಅದಕ್ಕೇನು ಯೋಚನೆ?” ಎಂದು ಅವಳು ಕುಕ್ಕರ್ ಇಳಿಸಲು ಹೋದಳು.

ಮರುದಿನ ಹೇಳಿದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ಹಾಗಾದರೆ ಆ ನಾಲ್ಕು ಸಾವಿರ?” ಎಂದರು. ನಾನು ಕೊಟ್ಟೆ. ಅವರು ಎಣಿಸಿಕೊಂಡರು. ಅವರಿಗಿಂತ ಹಳಬ ಗುಮಾಸ್ತನೆಂದು ಒಂದು ನೋಟು ಹಿಂದಿರುಗಿಸಬಹುದೆಂಬ ಆಸೆ ನನಗಿದ್ದದ್ದು ಸುಳ್ಳಲ್ಲ.

ಹುಡುಗನನ್ನು ಕರೆದು, ತಪ್ಪು ನನ್ನದೆಂದು ಕನ್ನಡದಲ್ಲೇ ಹೇಳಿದೆ. ಅವನು ನೆಲ ನೋಡುತ್ತ ನಿಂತು, “ಆಯ್ತು ಸಾರ್” ಎಂದಷ್ಟೇ ಹೇಳಿದ. ಬೈದಿದ್ದರೆ ಹಗುರವಾಗುತ್ತಿತ್ತು. ಚಹಾದ ಹೊತ್ತಿಗೆ ಬಂದು, ಆ ಮಿಸ್ತ್ರಿಯ ಅಂಗಡಿ ಯಾವ ಗಲ್ಲಿಯಲ್ಲಿ ಎಂದು ಕೇಳಿದ.

ಇಂಥ ಯಂತ್ರದ ಮೂಲಕ್ಕೆ ಕಾರಣನಾದ ಚೆಸ್ಟರ್ ಕಾರ್ಲ್‌ಸನ್ ಕೂಡ ಕಚೇರಿಯಲ್ಲಿ ಪ್ರತಿ ತೆಗೆದು ತೆಗೆದು ಬೇಸತ್ತವನೇ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ಗಂಧಕ ಲೇಪಿಸಿದ ಸತುವಿನ ತಗಡಿನಿಂದ ಮೊದಲ ಒಣ ಪ್ರತಿ ತೆಗೆದಾಗಲೂ, ಮೇಣದ ಕಾಗದಕ್ಕೆ ಪುಡಿ ಹತ್ತಿ ನಿಲ್ಲಲು ಬಿಸಿ ಮುಟ್ಟಿಸಬೇಕಾಯಿತು. ಇದನ್ನು ನನಗೆ ಹೇಳಿದವನು ಆ ಹುಡುಗನೇ. ಕಚೇರಿ ಮುಗಿಸಿ ಮಿಸ್ತ್ರಿಯ ಅಂಗಡಿಗೆ ಹೋಗಿ ಹೋಗಿ ಕೆಲಸ ಕಲಿತು, ಈಗ ಕಲ್ಯಾಣದಲ್ಲಿ ಸ್ವಂತ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಮೊಮ್ಮಗಳ ಪ್ರಿಂಟರು ಕೈಕೊಟ್ಟಾಗ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕೇಳಿದ:

“ಸಾರ್, ಪ್ಲಗ್ ಎಲ್ಲಿ ಹಾಕಿದ್ದೀರಿ?”